ಬೀಜ ಒಡೆಸಿದ ಹೋತ ಇನ್ನೂ ನಾರುತ್ತಿದೆ, ಹೆಣ್ಣಿನ ಮೇಲೆ ಹತ್ತುತ್ತಿದೆ. ಆದರೆ ಒಂದೂ ಗಬ್ಬ ನಿಲ್ಲುತ್ತಿಲ್ಲ. ಇದು ಹೇಗೆ?

ಮೇಕೆಮನೆ ಶಿರಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಾ ಹತ್ತಿರ ನಮ್ಮ ಹಳ್ಳಿ. ಮನೆಯಲ್ಲಿ 22 ಮೇಕೆ ಇವೆ. ಹೋದ ವರ್ಷ ಮೂರು ಗಂಡು ಮರಿಗಳಿಗೆ ನಾಲ್ಕು ತಿಂಗಳಾಗಿದ್ದಾಗ ಬರ್ಡಿಝೋ ಇಕ್ಕಳ ಹಾಕಿಸಿ ಬೀಜ ಒಡೆಸಿದೆ. ಪಕ್ಕದೂರಿನವರೊಬ್ಬರು ಬಂದು ಮಾಡಿಕೊಟ್ಟರು. ಎರಡು ಮರಿ ಸಾಧುವಾಗಿ ಬೆಳೆದವು, ಮೈ ಹಿಡಿದವು, ಮಾರಿದ್ದೂ ಆಯಿತು. ಮೂರನೆಯವನು ಕರಿಯ. ತಲೆನೋವೆಲ್ಲ ಅವನದೇ.

ಈಗ ಅವನಿಗೆ 14 ತಿಂಗಳು. ಗಾಳಿ ಮನೆ ಕಡೆ ಬೀಸಿದರೆ ಊಟ ಸೇರುವುದಿಲ್ಲ, ಅಷ್ಟು ನಾತ. ಗಡ್ಡಕ್ಕೆ, ಮುಂಗಾಲಿಗೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಮೇಲ್ತುಟಿ ಎತ್ತಿ ಆಕಾಶ ನೋಡುತ್ತಾನೆ. ಬೆದೆಗೆ ಬಂದ ಹೆಣ್ಣು ಯಾವುದನ್ನೂ ಬಿಡುವುದಿಲ್ಲ. ಆದರೆ ಒಂದೂ ಗಬ್ಬ ನಿಂತಿಲ್ಲ. ಲೆಕ್ಕ ಇಟ್ಟಿದ್ದೇನೆ: ಐದು ಹೆಣ್ಣು, ಐದೂ ಮತ್ತೆ ಬೆದೆಗೆ ಬಂದವು.

ಚೀಲ ಮುಟ್ಟಿ ನೋಡಿದರೆ ಎಡಗಡೆ ಹುಣಸೆಬೀಜದಷ್ಟು ಗಟ್ಟಿ ಗಂಟು. ಬಲಗಡೆ ಏನೂ ಸಿಗುವುದಿಲ್ಲ. ಸಂತೆಗೆ ಹೊಡೆದುಕೊಂಡು ಹೋದರೆ ಕೊಳ್ಳುವವರು ಮೂಗು ಮುಚ್ಚಿಕೊಂಡು ಮುಂದೆ ಹೋದರು.

ಬೀಜ ಸತ್ತಿದ್ದರೆ ನಾತ ಎಲ್ಲಿಂದ ಬಂತು? ಬೀಜ ಬದುಕಿದ್ದರೆ ಗಬ್ಬ ಯಾಕೆ ನಿಲ್ಲುವುದಿಲ್ಲ? ತಿಳಿದವರು ಹೇಳಿ.

ತೋಟದಮನೆ ಹೇಳಿದ್ದು:

ಅದು ಅಭ್ಯಾಸಬಲ ಅಣ್ಣ. ನಮ್ಮ ಒಂದು ಎತ್ತು ಕಸಿ ಮಾಡಿಸಿದ ಮೇಲೂ ಎರಡು ವರ್ಷ ಹಸು ಕಂಡರೆ ಗುಟುರು ಹಾಕುತ್ತಿತ್ತು. ಸುಮ್ನೆ ಬಿಟ್ಟುಬಿಡಿ, ತಾನಾಗಿ ಸರಿಹೋಗುತ್ತದೆ.

ಹಳೇ ಲ್ಯಾಬಿನಕ್ಕ ಹೇಳಿದ್ದು:

ಶಿರಾದ ಅಣ್ಣಾ, ಅಭ್ಯಾಸ ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಹೆಣ್ಣಿನ ರುಚಿ ಕಂಡ ಮೇಲೆ ಬೀಜ ಒಡೆಸಿದ್ದರೆ ಹತ್ತುವ ಚಾಳಿ ಉಳಿಯಬಹುದು. ನಾಲ್ಕು ತಿಂಗಳ ಮರಿಗೆ ಎಂಥ ಅಭ್ಯಾಸ? ಅದೂ ಅಲ್ಲದೆ ನಾತಕ್ಕೆ ಅಭ್ಯಾಸ ಇರುವುದಿಲ್ಲ. ಹೋತದ ತಲೆ, ಕುತ್ತಿಗೆಯ ಚರ್ಮದಲ್ಲಿ ಎಣ್ಣೆ ಗ್ರಂಥಿಗಳಿವೆ. ಅವು 4-ಈಥೈಲ್ ಆಕ್ಟನಾಯಿಕ್ ಆಸಿಡ್ ಅನ್ನುವ ಒಂದು ಕೊಬ್ಬಿನಾಮ್ಲ ಬಿಡುತ್ತವೆ. ಹೋತದ ನಾತ ಅಂದರೆ ಮುಖ್ಯವಾಗಿ ಅದೇ. ಬೀಜದಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್ ಇದ್ದರೆ ಮಾತ್ರ ಅದು ಬರುತ್ತದೆ. ಕರಿಯ ನಾರುತ್ತಿದ್ದಾನೆ ಅಂದರೆ ಅವನ ಮೈಯಲ್ಲಿ ಇವತ್ತು, ಈ ಹೊತ್ತು, ಎಲ್ಲೋ ಒಂದು ಕಡೆ ಟೆಸ್ಟೋಸ್ಟೆರಾನ್ ತಯಾರಾಗುತ್ತಿದೆ.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ 19 ವರ್ಷ ಇಲಿಯ ಬೀಜ ಬಿಡಿಸಿಕೊಂಡು ಕೂತವಳು. ಈಗ ರಿಟೈರ್ ಆಗಿ ತಿಪಟೂರಿನಲ್ಲಿ ತೆಂಗಿನಕಾಯಿ ಬಿಡಿಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಲಿಯ ಬೀಜದ ಮೇಲಿನ ಬಿಳಿ ಪೊರೆಯನ್ನು ಚಿಮಟದಲ್ಲಿ ಸುಲಿದರೆ ಒಳಗೆ ಏನಿರುತ್ತದೆ ಗೊತ್ತಾ? ಬೇಯಿಸಿದ ಶಾವಿಗೆ. ನಿಜವಾಗಿಯೂ ಹಾಗೇ ಕಾಣುತ್ತದೆ. ಸಣ್ಣ ಸಣ್ಣ ನಾಳಗಳು ಸುತ್ತಿಕೊಂಡು ಮುದ್ದೆಯಾಗಿರುತ್ತವೆ. ವೀರ್ಯಾಣು ಆಗುವುದು ಆ ನಾಳದ ಒಳಗೆ. ನಾಳ ನಾಳದ ನಡುವೆ ಸಂದು ಇರುತ್ತದಲ್ಲ, ಆ ಸಂದಿನಲ್ಲಿ ರಕ್ತನಾಳದ ಪಕ್ಕ ಗುಂಪು ಗುಂಪಾಗಿ ಕೂತಿರುತ್ತವೆ ಲೈಡಿಗ್ ಕೋಶಗಳು. ಫ್ರಾಂಝ್ ಲೈಡಿಗ್ ಅನ್ನುವ ಜರ್ಮನ್ ವಿಜ್ಞಾನಿ 1850ರಲ್ಲಿ ಇವನ್ನು ಮೊದಲು ಬಣ್ಣಿಸಿದ. ಟೆಸ್ಟೋಸ್ಟೆರಾನ್ ಮಾಡುವುದು ಇವು. ಅಂದರೆ ಒಂದೇ ಬೀಜದಲ್ಲಿ ಎರಡು ಕಾರ್ಖಾನೆ. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ನಾಳದ ಕೆಲಸಕ್ಕೆ ತಂಪು ಬೇಕು. ಅದಕ್ಕೇ ಬೀಜ ಹೊರಗೆ ಚೀಲದಲ್ಲಿ ನೇತಾಡುವುದು. ಅಲ್ಲಿ ಮೈಗಿಂತ 2ರಿಂದ 6 ಡಿಗ್ರಿ ಕಡಿಮೆ ಶಾಖ ಇರುತ್ತದೆ. ಬೀಜ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಸಿಕ್ಕಿಕೊಂಡರೆ ಮೈಯ ಕಾವಿಗೆ ವೀರ್ಯಾಣುವಿನ ಕೆಲಸ ನಿಂತೇ ಹೋಗುತ್ತದೆ. ಲೈಡಿಗ್ ಕೋಶಗಳು ಹಾಗಲ್ಲ, ಕಾವು ತಡೆಯುತ್ತವೆ. ಸ್ವಲ್ಪ ಕಡಿಮೆ ಮಾಡಿದರೂ ಟೆಸ್ಟೋಸ್ಟೆರಾನ್ ಮಾಡುತ್ತಲೇ ಇರುತ್ತವೆ. ನಾತ ಇದೆ, ಗಬ್ಬ ಇಲ್ಲ. ನಿಮ್ಮ ಐದು ಹೆಣ್ಣಿನ ಲೆಕ್ಕ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅದರಿಂದಲೇ ವಿಷಯ ಗೊತ್ತಾಗಿದ್ದು.

ಇನ್ನೊಂದು ಮಾತು. ಮಿದುಳಿನ ಕೆಳಗೆ ಪಿಟ್ಯುಟರಿ ಅನ್ನುವ ಗ್ರಂಥಿ ಇದೆ. ಅಲ್ಲಿಂದ ಎಲ್‌ಎಚ್ ಅನ್ನುವ ಹಾರ್ಮೋನ್ ರಕ್ತದಲ್ಲಿ ಬಂದು ಲೈಡಿಗ್ ಕೋಶವನ್ನು ಎಬ್ಬಿಸುತ್ತದೆ. ಟೆಸ್ಟೋಸ್ಟೆರಾನ್ ಸಾಕಷ್ಟು ಆದರೆ ಮಿದುಳು ಎಲ್‌ಎಚ್ ತಗ್ಗಿಸುತ್ತದೆ. ಕಡಿಮೆಯಾದರೆ ಏರಿಸುತ್ತದೆ. ಕರಿಯನ ಎಡಬೀಜ ಸತ್ತಾಗ ಮಿದುಳಿಗೆ ಕೊರತೆ ಗೊತ್ತಾಗುತ್ತದೆ, ಉಳಿದ ಒಂದಕ್ಕೆ ಎಲ್‌ಎಚ್ ಜಾಸ್ತಿ ಕಳಿಸುತ್ತದೆ. ಒಂಟಿ ಎತ್ತು ಇಡೀ ಹೊಲ ಉಳುತ್ತಿದೆ ಅಂತ ಇಟ್ಟುಕೊಳ್ಳಿ.

ಎಲ್‌ಎಚ್ ಕೋಶದ ಒಳಗೆ ಹೋಗುವುದೇ ಇಲ್ಲ. ಹೊರಗಿನ ಪೊರೆಯ ಮೇಲೆ ಅದನ್ನು ಹಿಡಿಯಲೆಂದೇ ಇರುವ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಒಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಣ್ಣ ಅಣು ಏರುತ್ತದೆ, ಅದರಿಂದ ಮುಂದಿನ ಕೆಲಸ ಶುರು. ಕಚ್ಚಾಮಾಲು ಕೊಲೆಸ್ಟರಾಲ್. ಅದು ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಒಳಪೊರೆ ಮುಟ್ಟಬೇಕು. ಅಲ್ಲೊಂದು ಕಿಣ್ವ ಅದರ ಬಾಲ ಕತ್ತರಿಸುತ್ತದೆ, ಆರು ಇಂಗಾಲದಷ್ಟು ಉದ್ದ. ಆಮೇಲೆ ಒಂದೊಂದೇ ಕಿಣ್ವ ತಿದ್ದುತ್ತಾ ಹೋಗಿ ಕೊನೆಗೆ ಟೆಸ್ಟೋಸ್ಟೆರಾನ್. ಕಷ್ಟದ ಜಾಗ ಯಾವುದು ಅಂದರೆ ಹೊರಪೊರೆಯಿಂದ ಒಳಪೊರೆಗೆ ಹೋಗುವ ಆ ಕೂದಲೆಳೆಯಷ್ಟೂ ಇಲ್ಲದ ದಾರಿ. ಕೊಲೆಸ್ಟರಾಲ್ ಎಣ್ಣೆಯ ಜಾತಿ, ನಡುವಿನ ನೀರು ದಾಟುವುದಿಲ್ಲ. ಪ್ರೋಟೀನ್ ತಯಾರಿಕೆ ನಿಲ್ಲಿಸುವ ಔಷಧಿ ಹಾಕಿದರೆ ಕೆಲವೇ ನಿಮಿಷದಲ್ಲಿ ಟೆಸ್ಟೋಸ್ಟೆರಾನ್ ನಿಂತುಬಿಡುತ್ತಿತ್ತು. ಅಂದರೆ ದಾಟಿಸುವ ಯಾವುದೋ ಪ್ರೋಟೀನ್ ಆಗಾಗ ಹೊಸದಾಗಿ ಹುಟ್ಟಬೇಕು. ಅದು ಯಾವುದು ಅಂತ ವರ್ಷಗಟ್ಟಲೆ ಹುಡುಕಿದರು. 1994ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡಗ್ಲಸ್ ಸ್ಟಾಕೊ, ಬಾರ್ಬರಾ ಕ್ಲಾರ್ಕ್ ಇಲಿಯ ಲೈಡಿಗ್ ಗಡ್ಡೆಯ ಕೋಶಗಳಲ್ಲಿ ಅದನ್ನು ಹಿಡಿದರು. ಸ್ಟಾರ್ ಅಂತ ಹೆಸರಿಟ್ಟರು. ಆ ಪೇಪರ್ ನಮ್ಮ ಲ್ಯಾಬಿಗೆ ಬಂದ ದಿನ ಎಲ್ಲರೂ ಒಂದೇ ಜೆರಾಕ್ಸ್ ಪ್ರತಿಗೆ ಜಗಳ ಆಡಿದ್ದು ನೆನಪಿದೆ.

ಬೀಜದಲ್ಲಿ ಟೆಸ್ಟೋಸ್ಟೆರಾನ್ ದಾಸ್ತಾನು ಇರುವುದಿಲ್ಲ. ಬೇಕಾದಾಗ ಮಾಡುವುದು, ಮಾಡಿದ್ದನ್ನು ಆಗಲೇ ಬಿಡುವುದು. 1935ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅರ್ನ್ಸ್ಟ್ ಲಾಕರ್ ತಂಡದವರು ಇದನ್ನು ಮೊದಲ ಸಲ ಶುದ್ಧವಾಗಿ ಬೇರ್ಪಡಿಸಿದಾಗ 100 ಕಿಲೋ ಹೋರಿಬೀಜಕ್ಕೆ ಸಿಕ್ಕಿದ್ದು ಸುಮಾರು 10 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿಗಿಂತಲೂ ಕಡಿಮೆ.

ಈಗ ಕರಿಯನಿಗೆ ಏನು ಮಾಡಬೇಕು ಅಂದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಳಗೆ ಸಿಕ್ಕಿಕೊಂಡ ಬಲಬೀಜ ಹುಡುಕಿ ಆಪರೇಷನ್ ಮಾಡಿ ತೆಗೆಯಲಿ. ಬೇಕೆನಿಸಿದರೆ ರಕ್ತ ತೆಗೆದು ನೋಡಬಹುದು. ಎಚ್‌ಸಿಜಿ ಅನ್ನುವ ಹಾರ್ಮೋನ್ ಎಲ್‌ಎಚ್ ಥರಾನೇ ಕೆಲಸ ಮಾಡುತ್ತದೆ, ಅದೇ ರಿಸೆಪ್ಟರ್‌ಗೆ ಅಂಟುತ್ತದೆ. ಅದನ್ನು ಚುಚ್ಚುವ ಮೊದಲು ಒಂದು ಸಲ, ಆಮೇಲೆ ಒಂದು ಸಲ ರಕ್ತ ತೆಗೆದು ಟೆಸ್ಟೋಸ್ಟೆರಾನ್ ಏರಿತಾ ನೋಡುತ್ತಾರೆ. ಏರಿದರೆ ಒಳಗೆ ಬೀಜ ಇದೆ. ಕುದುರೆಗಳಿಗೆ ಇದನ್ನು ಹೆಚ್ಚು ಮಾಡುತ್ತಾರೆ. ಕರಿಯನ ವಿಷಯದಲ್ಲಿ ಅಷ್ಟು ಖರ್ಚು ಯಾಕೆ, ಅವನ ನಾತವೇ ರಿಪೋರ್ಟು.

ದನದ ಡಾಕ್ಟ್ರು ಹೇಳಿದ್ದು:

ಅಕ್ಕ ಹೇಳಿದ್ದು ಸರಿ. ಎರಡು ವಿಷಯ ಸೇರಿಸುತ್ತೇನೆ.

ಬರ್ಡಿಝೋದಲ್ಲಿ ಬೀಜ ಒಡೆಯುವುದಿಲ್ಲ, ಹೆಸರಿಗೆ ಮಾತ್ರ ಹಾಗೆ. ಚರ್ಮದ ಮೇಲಿಂದಲೇ ಬೀಜದ ಹುರಿಯನ್ನು, ಅಂದರೆ ರಕ್ತನಾಳವನ್ನು ಜಜ್ಜುವುದು. ರಕ್ತ ಇಲ್ಲದೆ ಬೀಜ ಒಣಗುತ್ತದೆ. ಒಂದೊಂದು ಕಡೆ ಬೇರೆ ಬೇರೆಯಾಗಿ ಹಿಡಿಯಬೇಕು. ಹುರಿ ಜಾರಿದರೆ ಇಕ್ಕಳ ಬರೀ ಚರ್ಮ ಕಚ್ಚುತ್ತದೆ, ಬೀಜ ಬದುಕಿಕೊಳ್ಳುತ್ತದೆ. ಇನ್ನೂ ಒಂದು ತಪ್ಪಾಗುತ್ತದೆ. ಮರಿ ಒದ್ದಾಡಿದಾಗ ಬೀಜ ಮೇಲೆ ತೊಡೆಸಂದಿಗೆ ಹೋಗಿರುತ್ತದೆ, ಖಾಲಿ ಚೀಲಕ್ಕೆ ಇಕ್ಕಳ ಹಾಕಿ ಮುಗಿಯಿತು ಅನ್ನುತ್ತಾರೆ. ಆ ಬೀಜ ಮತ್ತೆ ಕೆಳಗೆ ಬರದೆ ಅಲ್ಲೇ ಉಳಿಯಬಹುದು.

ಎರಡನೆಯದು, ಕರಿಯನಿಗೆ ಕೊಂಬು ಇದೆಯಾ? ಬೋಳು ತಲೆಯ ಗಂಡು ಹೆಣ್ಣು ಕೂಡಿ ಹುಟ್ಟಿದ ಮೇಕೆಗಳಲ್ಲಿ ಕೆಲವು ಗಂಡಿನ ಹಾಗೆ ಕಾಣುತ್ತವೆ, ಹುಟ್ಟಿನಲ್ಲಿ ಹೆಣ್ಣು. ಕೊಂಬು ಇಲ್ಲದ ಗುಣ ತರುವ ಜೀನ್ ದೋಷವೇ ಅಂಡಾಶಯದ ಜಾಗದಲ್ಲಿ ಬೀಜ ಬೆಳೆಸಿಬಿಡುತ್ತದೆ. ಅವೂ ನಾರುತ್ತವೆ, ಹತ್ತುತ್ತವೆ, ಗಬ್ಬ ಮಾಡುವುದಿಲ್ಲ. ಹೇಳಿ.

ಮೇಕೆಮನೆ ಶಿರಾ ಹೇಳಿದ್ದು:

ಕೊಂಬು ಇದೆ ಸಾರ್, ಅದರಲ್ಲೇ ಬೇಲಿ ಕಿತ್ತಿದ್ದಾನೆ. ಮರಿಯಾಗಿದ್ದಾಗ ಚೀಲದಲ್ಲಿ ಎರಡೂ ಬೀಜ ಇದ್ದದ್ದು ನಮ್ಮ ತಾಯಿ ನೋಡಿದ್ದಾರೆ. ಇಕ್ಕಳ ಹಾಕಿದ ದಿನ ಇವನೇ ಜಾಸ್ತಿ ಒದ್ದಾಡಿದ್ದು ಅಂತಲೂ ಹೇಳುತ್ತಿದ್ದಾರೆ. ಸೋಮವಾರ ಆಸ್ಪತ್ರೆಗೆ ಹೋಗುತ್ತೇನೆ.

ಝುವಾಲಜಿ ಹುಡುಗ ಹೇಳಿದ್ದು:

ಮೇಡಂ, ನಾನು ಎಂಎಸ್ಸಿ ಮಾಡುತ್ತಿದ್ದೇನೆ. ನಮಗೆ ಪಾಠದಲ್ಲಿ ಎಲ್‌ಎಚ್ ಬಂತು, ಟೆಸ್ಟೋಸ್ಟೆರಾನ್ ಬಂತು, ಮುಗಿಯಿತು. ಆದರೆ ಓದಲು ಕೊಟ್ಟ ಪೇಪರ್‌ಗಳಲ್ಲಿ ಐಜಿಎಫ್, ಟಿಜಿಎಫ್, ಇಜಿಎಫ್ ಅಂತ ಹತ್ತಾರು ಗ್ರೋತ್ ಫ್ಯಾಕ್ಟರ್, ಅಂದರೆ ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಪ್ರೋಟೀನ್‌ಗಳು ಬರುತ್ತವೆ. ಎಲ್‌ಎಚ್ ಒಂದೇ ಸಾಕಾಗಿದ್ದರೆ ಇವೆಲ್ಲ ಯಾಕೆ? ಪಿಟ್ಯುಟರಿಯ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್‌ಗೂ ಟೆಸ್ಟೋಸ್ಟೆರಾನ್‌ಗೂ ಸಂಬಂಧ ಇದೆಯಾ ಇಲ್ಲವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೇ ಲ್ಯಾಬಿನಕ್ಕ ಹೇಳಿದ್ದು:

ಮೇಡಂ ಬೇಡಪ್ಪ, ಅಕ್ಕ ಸಾಕು.

ಎಲ್‌ಎಚ್ ಒಂದೇ ಸಾಕು ಅಂತ ನಾನೂ ಮೊದಲ ಎರಡು ವರ್ಷ ನಂಬಿದ್ದೆ. ನಂಬಿಕೆ ಕೆಡಿಸಿದ್ದು ಒಂದು ಪ್ಲಾಸ್ಟಿಕ್ ತಟ್ಟೆ.

ನಮ್ಮ ದಿನ ಹೀಗೆ ಶುರುವಾಗುತ್ತಿತ್ತು. ಬೆಳಿಗ್ಗೆ ಇಲಿಯ ಬೀಜ ಸುಲಿದು ಕೊಲಾಜಿನೇಸ್ ಕಿಣ್ವದಲ್ಲಿ ಹಾಕಿ 34 ಡಿಗ್ರಿಯ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸುವುದು. ಹತ್ತು ಹದಿನೈದು ನಿಮಿಷದಲ್ಲಿ ಶಾವಿಗೆ ಬಿಡಿಬಿಡಿಯಾಗುತ್ತದೆ. ಒಂದು ನಿಮಿಷ ಜಾಸ್ತಿಯಾದರೆ ಕೋಶಗಳು ಹಾಳು, ಒಂದು ನಿಮಿಷ ಕಡಿಮೆಯಾದರೆ ಕೈಗೇನೂ ಸಿಗುವುದಿಲ್ಲ. ಗಡಿಯಾರ ನೋಡಿದರೆ ಪ್ರಯೋಜನ ಇಲ್ಲ, ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು ಕಣ್ಣಲ್ಲೇ ಅಳೆಯಬೇಕು. ನಾಳಗಳು ತಳಕ್ಕೆ ಕೂತ ಮೇಲೆ ಮೇಲಿನ ಮಬ್ಬು ನೀರು ತೆಗೆದು ಪರ್ಕಾಲ್ ಅನ್ನುವ ದ್ರವದ ಮೇಲೆ ಹಾಕಿ ತಿರುಗಿಸಿದರೆ ಲೈಡಿಗ್ ಕೋಶಗಳು ಒಂದು ತೆಳು ಪಟ್ಟಿಯಾಗಿ ನಿಲ್ಲುತ್ತವೆ. ಅವು ಲೈಡಿಗ್ ಕೋಶವೇ ಅಂತ ಹೇಗೆ ಗೊತ್ತು? ಟೆಸ್ಟೋಸ್ಟೆರಾನ್ ದಾರಿಯ ಒಂದು ಕಿಣ್ವ ಇದ್ದರೆ ನೀಲಿಯಾಗುವ ಬಣ್ಣ ಹಾಕುತ್ತಿದ್ದೆವು. ಮೈಕ್ರೋಸ್ಕೋಪಿನಲ್ಲಿ ನೂರಕ್ಕೆ ಎಷ್ಟು ನೀಲಿ ಅಂತ ಎಣಿಸುವುದು ನನ್ನ ಕೆಲಸ. ಒಂದು ವಾರ ಎಣಿಸಿದರೆ ಅನ್ನದ ಅಗುಳೂ ನೀಲಿ ಕಾಣುತ್ತಿತ್ತು.

ಆ ಕೋಶಕ್ಕೆ ಮೊದಲ ದಿನ ಎಲ್‌ಎಚ್ ಕೊಟ್ಟರೆ ಚೆನ್ನಾಗಿ ಟೆಸ್ಟೋಸ್ಟೆರಾನ್ ಬರುತ್ತಿತ್ತು. ಮೂರನೇ ದಿನ ಅದೇ ಕೋಶ, ಅದೇ ಎಲ್‌ಎಚ್, ಅದೇ ಪ್ರಮಾಣ. ಬರುವುದು ಬಹಳ ಕಡಿಮೆ. ಕೋಶ ಸತ್ತಿರಲಿಲ್ಲ, ತಟ್ಟೆಗೆ ಅಂಟಿಕೊಂಡು ಆರಾಮವಾಗಿ ಕೂತಿತ್ತು. ಕಿವಿ ಮಂದವಾದ ಹಾಗೆ. ಕೆಟ್ಟ ಎಲ್‌ಎಚ್ ಕೊಟ್ಟಿದ್ದೀಯಾ ಅಂತ ನನಗೆ ಬೈಗುಳ ಬೇರೆ.

ಆಮೇಲೆ ಗಮನಿಸಿದ್ದು: ದ್ರಾವಣದಲ್ಲಿ ಇನ್ಸುಲಿನ್ ಜಾಸ್ತಿ ಇದ್ದ ತಟ್ಟೆಗಳು ಅಷ್ಟು ಬೇಗ ಕುಗ್ಗುತ್ತಿರಲಿಲ್ಲ. ಕೋಶ ಬೆಳೆಸುವವರು ಇನ್ಸುಲಿನ್ ಹಾಕುವುದು ವಾಡಿಕೆ, ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಪ್ರಮಾಣ ಜಾಸ್ತಿಯಾದಾಗ ಇನ್ಸುಲಿನ್ ಹೋಗಿ ಐಜಿಎಫ್-1ರ ರಿಸೆಪ್ಟರ್‌ಗೆ ಅಂಟುತ್ತದೆ. ನಿಜವಾದ ಆಟಗಾರ ಐಜಿಎಫ್-1. ಅದನ್ನು ಯಕೃತ್ತೂ ಮಾಡುತ್ತದೆ, ಬೀಜದ ಒಳಗೂ ತಯಾರಾಗುತ್ತದೆ. ಒಂದನ್ನೇ ಕೊಟ್ಟರೆ ಅಂಥ ಗಮ್ಮತ್ತೇನೂ ಇಲ್ಲ. ಎರಡು ದಿನ ಐಜಿಎಫ್-1ರಲ್ಲಿ ಇಟ್ಟು ಆಮೇಲೆ ಎಲ್‌ಎಚ್ ಕೊಡಿ, ಆಗ ನೋಡಿ. ಕೋಶದ ಮೇಲೆ ಎಲ್‌ಎಚ್ ರಿಸೆಪ್ಟರ್ ಜಾಸ್ತಿ, ಒಳಗೆ ಕಿಣ್ವಗಳೂ ಜಾಸ್ತಿ. ಕೂಗುವವನು ಒಬ್ಬನೇ ಆದರೂ ಕಿವಿ ತೆರೆದು ಕೊಡುವವರು ಬೇರೆ ಇದ್ದಾರೆ ಅಂತಾಯಿತು. ಐಜಿಎಫ್-1 ಜೀನ್ ಇಲ್ಲದ ಇಲಿಗಳಲ್ಲಿ ಲೈಡಿಗ್ ಕೋಶಗಳು ಸರಿಯಾಗಿ ಬಲಿಯುವುದೇ ಇಲ್ಲ, ಟೆಸ್ಟೋಸ್ಟೆರಾನ್ ತೀರಾ ಕಡಿಮೆ ಅಂತ 1996ರಲ್ಲಿ ಗೊತ್ತಾಯಿತು. ತಟ್ಟೆಯಲ್ಲಿ ಕಂಡದ್ದು ಜೀವಂತ ಇಲಿಯಲ್ಲೂ ನಿಜ.

ಈಗ ಎಫ್‌ಎಸ್‌ಎಚ್. ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ ಬಾನೆಟ್ ಕೋತಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ನಂದಿಬೆಟ್ಟದಲ್ಲಿ ಕೈಯಿಂದ ಪೊಟ್ಟಣ ಕಿತ್ತುಕೊಳ್ಳುತ್ತದಲ್ಲ, ಅದೇ ಕೋತಿ. ಗಂಡು ಕೋತಿಗೆ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯ ಹಾಗೆ ಚುಚ್ಚಿದರು. ಕೋತಿಯ ಮೈ ಅದರ ವಿರುದ್ಧ ಆಂಟಿಬಾಡಿ ಮಾಡಿತು, ಆ ಆಂಟಿಬಾಡಿ ಕೋತಿಯ ಸ್ವಂತ ಎಫ್‌ಎಸ್‌ಎಚ್ ಅನ್ನೂ ಹಿಡಿದು ಹಾಕಿತು. ವೀರ್ಯಾಣು ಇಳಿಯಿತು, ಟೆಸ್ಟೋಸ್ಟೆರಾನ್ ಇದ್ದ ಹಾಗೇ ಇತ್ತು. ಗಂಡಸರಿಗೆ ಗರ್ಭನಿರೋಧಕ ಲಸಿಕೆ ಮಾಡಬಹುದಾ ಅನ್ನುವುದು ಅವರ ಆಸೆ. ಈ ಕೋತಿಯ ಟೆಸ್ಟೋಸ್ಟೆರಾನ್ ರಾತ್ರಿ ಹೊತ್ತು ಏರುತ್ತದೆ, ಹಾಗಾಗಿ ರಾತ್ರಿ ಹತ್ತು ಗಂಟೆಗೆ ಎದ್ದು ಕೂತು ರಕ್ತ ತೆಗೆಯುತ್ತಿದ್ದರು. ನಾನು ಆ ಲ್ಯಾಬಿನವಳಲ್ಲ, ಆದರೆ ರಾತ್ರಿ ಡ್ಯೂಟಿಯ ಕಷ್ಟ ಗೊತ್ತು.

ಹಾಗಾದರೆ ಎಫ್‌ಎಸ್‌ಎಚ್‌ಗೆ ಸಂಬಂಧವೇ ಇಲ್ಲ ಅಂತ ಬರೆದುಕೊಳ್ಳಬೇಡ. ಬೆಳೆದ ಪ್ರಾಣಿಗೆ ಅದು ಸರಿ. ಮರಿಯಾಗಿದ್ದಾಗ ಕಥೆ ಬೇರೆ. ಪಿಟ್ಯುಟರಿ ತೆಗೆದ ಎಳೆ ಇಲಿಗೆ ಎಫ್‌ಎಸ್‌ಎಚ್ ಕೊಟ್ಟರೆ ಆಮೇಲೆ ಎಲ್‌ಎಚ್‌ಗೆ ಅದರ ಬೀಜ ಜಾಸ್ತಿ ಸ್ಪಂದಿಸುತ್ತದೆ. ವಿಚಿತ್ರ ಏನೆಂದರೆ ಲೈಡಿಗ್ ಕೋಶದ ಮೇಲೆ ಎಫ್‌ಎಸ್‌ಎಚ್‌ಗೆ ರಿಸೆಪ್ಟರೇ ಇಲ್ಲ. ರಿಸೆಪ್ಟರ್ ಇರುವುದು ನಾಳದ ಒಳಗೆ ವೀರ್ಯಾಣು ಸಾಕುವ ಸರ್ಟೋಲಿ ಕೋಶದ ಮೇಲೆ. ಹಂದಿಮರಿಯ ಸರ್ಟೋಲಿ, ಲೈಡಿಗ್ ಎರಡನ್ನೂ ಒಂದೇ ತಟ್ಟೆಯಲ್ಲಿ ಬೆಳೆಸಿ ಎಫ್‌ಎಸ್‌ಎಚ್ ಹಾಕಿದರೆ ಲೈಡಿಗ್ ಚುರುಕಾಗುತ್ತದೆ, ಲೈಡಿಗ್ ಒಂದೇ ಇದ್ದರೆ ಇಲ್ಲ. ನೆರೆಮನೆಯವರು ಗೋಡೆಯ ಆಚೆಯಿಂದ ಏನೋ ದಾಟಿಸುತ್ತಿದ್ದಾರೆ. ಆ 'ಏನೋ'ಗಳೇ ನಿನ್ನ ಗ್ರೋತ್ ಫ್ಯಾಕ್ಟರ್‌ಗಳು.

ಎಲ್ಲವೂ ಏರಿಸುವುದಿಲ್ಲ. ಟಿಜಿಎಫ್-ಬೀಟಾ ಹಾಕಿದರೆ ಹಂದಿಯ ಲೈಡಿಗ್ ಕೋಶದಲ್ಲಿ ಎಲ್‌ಎಚ್ ರಿಸೆಪ್ಟರ್ ಕಡಿಮೆಯಾಗುತ್ತದೆ, ಟೆಸ್ಟೋಸ್ಟೆರಾನೂ ಇಳಿಯುತ್ತದೆ. ಅದು ಬ್ರೇಕು. ಇಜಿಎಫ್ ನನಗೆ ಇವತ್ತಿಗೂ ಅರ್ಧ ಒಗಟು. ಕೆಲವು ತಟ್ಟೆಯಲ್ಲಿ ಏರಿಸುತ್ತದೆ, ಕೆಲವದರಲ್ಲಿ ಇಳಿಸುತ್ತದೆ. ಗಂಡಿಲಿಯ ಜೊಲ್ಲುಗ್ರಂಥಿಯಲ್ಲಿ ಇಜಿಎಫ್ ರಾಶಿ ಇರುತ್ತದೆ. ಆ ಗ್ರಂಥಿ ತೆಗೆದು ನೋಡಿದವರಿದ್ದಾರೆ, 1986ರಲ್ಲಿ. ವೀರ್ಯಾಣು ಕಡಿಮೆಯಾಯಿತು, ಟೆಸ್ಟೋಸ್ಟೆರಾನ್ ಹಾಗೇ ಇತ್ತು. ಜೊಲ್ಲಿಗೂ ಬೀಜಕ್ಕೂ ಎತ್ತಣಿಂದೆತ್ತ ಸಂಬಂಧ!

ಇನ್ನು ಸಂದಿನಲ್ಲಿ ಲೈಡಿಗ್ ಕೋಶದ ಮೈಗೆ ಮೈ ತಾಗಿಸಿಕೊಂಡೇ ಕೂತಿರುವ ಮ್ಯಾಕ್ರೋಫೇಜ್‌ಗಳು. ರೋಗಾಣು ತಿನ್ನುವ ರಕ್ಷಣಾ ಕೋಶಗಳು ಇವು. ನೆಮ್ಮದಿಯ ದಿನಗಳಲ್ಲಿ ಲೈಡಿಗ್‌ಗೆ ಬಳಸಲು ಬರುವ ಒಂದು ಬಗೆಯ ಕೊಲೆಸ್ಟರಾಲ್ ಮಾಡಿಕೊಡುತ್ತವೆ. ಸೋಂಕು ಬಂದ ದಿನ ಐಎಲ್-1, ಟಿಎನ್‌ಎಫ್ ಅಂಥ ಉರಿಯೂತದ ಪ್ರೋಟೀನ್ ಬಿಡುತ್ತವೆ, ಲೈಡಿಗ್ ಮಂಕಾಗುತ್ತದೆ. ಬ್ಯಾಕ್ಟೀರಿಯಾದ ವಿಷ ಚುಚ್ಚಿದ ಇಲಿಯಲ್ಲಿ ಎರಡೇ ಗಂಟೆಗೆ ಟೆಸ್ಟೋಸ್ಟೆರಾನ್ ಬಿದ್ದುಹೋಗುತ್ತದೆ, ಸ್ಟಾರ್ ಪ್ರೋಟೀನೂ ಕಾಣೆ. ಜ್ವರ ಬಂದವನಿಗೆ ಮದುವೆ ಯಾಕೆ ಅಂತ ಮೈ ತಾನೇ ತೀರ್ಮಾನ ಮಾಡುತ್ತದೆ, ಅಲ್ವಾ.

ನಾನು ಕಣ್ಣಾರೆ ಕಂಡದ್ದರಲ್ಲಿ ಮರೆಯಲಾಗದ್ದು ಇನ್ನೊಂದು. ಇಡಿಎಸ್ ಅನ್ನುವ ರಾಸಾಯನಿಕ ಒಂದು ಸಲ ಚುಚ್ಚಿದರೆ ಬೆಳೆದ ಇಲಿಯ ಲೈಡಿಗ್ ಕೋಶಗಳು ಮಾತ್ರ ಸಾಯುತ್ತವೆ. ದೊಡ್ಡ ಇಲಿ, ಅಂದರೆ ರ‍್ಯಾಟ್‌ನಲ್ಲಿ ಮಾತ್ರ. ಚಿಟ್ಟಿಲಿ ತಡೆದುಕೊಳ್ಳುತ್ತದೆ. ಕೆಲವೇ ದಿನದಲ್ಲಿ ಟೆಸ್ಟೋಸ್ಟೆರಾನ್ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯುತ್ತದೆ. ಸ್ಲೈಡಿನಲ್ಲಿ ನೋಡಿದರೆ ಸಂದುಗಳೆಲ್ಲ ಖಾಲಿ, ಜಾತ್ರೆ ಮುಗಿದ ಮೈದಾನದ ಹಾಗೆ. ಕೆಲವು ವಾರ ಬಿಟ್ಟು ನೋಡಿದರೆ ಅಲ್ಲೊಂದು ಇಲ್ಲೊಂದು ಹೊಸ ಕೋಶ. ಎರಡು ತಿಂಗಳಲ್ಲಿ ಮತ್ತೆ ತುಂಬುತ್ತವೆ. ಮೂಲದ ಎಳೆಕೋಶಗಳು ಸಂದಿನಲ್ಲೇ ಎಲ್ಲೋ ಉಳಿದಿರುತ್ತವೆ, ಅವನ್ನು ಬೆಳೆಸಿ ಲೈಡಿಗ್ ಮಾಡುವುದಕ್ಕೆ ಎಲ್‌ಎಚ್ ಜೊತೆ ಈ ಗ್ರೋತ್ ಫ್ಯಾಕ್ಟರ್‌ಗಳೂ ಬೇಕು. ಪಿಡಿಜಿಎಫ್-ಎ ಇಲ್ಲದ ಇಲಿಯಲ್ಲಿ ಬೆಳೆದ ಲೈಡಿಗ್ ಕೋಶ ಹುಟ್ಟುವುದೇ ಇಲ್ಲ.

ಪರೀಕ್ಷೆಗೆ ಬರೆಯುವಾಗ ಟೆಸ್ಟೋಸ್ಟೆರಾನ್ ಅನ್ನು 'ಗಂಡು ಹಾರ್ಮೋನ್' ಅಂತ ಮಾತ್ರ ಬರೆಯಬೇಡ. ಗಂಡುಕುದುರೆಯ ಉಚ್ಚೆಯಲ್ಲಿ 'ಹೆಣ್ಣು ಹಾರ್ಮೋನ್' ಅನ್ನಿಸಿಕೊಂಡ ಈಸ್ಟ್ರೋಜನ್ ಹೊಳೆಯಾಗಿ ಹರಿಯುತ್ತದೆ ಅಂತ ಬರ್ನ್‌ಹಾರ್ಡ್ ಝೋಂಡೆಕ್ 1934ರಲ್ಲೇ ತೋರಿಸಿದ್ದಾನೆ. ಅದೂ ಬೀಜದಿಂದಲೇ ಬರುವುದು.

ತೋಟದಮನೆ ಹೇಳಿದ್ದು:

ಅಕ್ಕಾ, ನನ್ನ ಅಭ್ಯಾಸದ ಮಾತು ವಾಪಸ್ ತಗೊಂಡೆ. ಆದರೆ ಆಪರೇಷನ್ ಯಾಕೆ? ನಾಯಿಗೆ ಚರ್ಮದ ಕೆಳಗೆ ಒಂದು ಕಡ್ಡಿ ಇಡುತ್ತಾರಂತೆ, ಬೀಜ ಇದ್ದೂ ಇಲ್ಲದ ಹಾಗೆ ಆಗುತ್ತದಂತೆ. ನಮ್ಮ ಹೋರಿಗೂ ಅದನ್ನೇ ಹಾಕಿಸೋಣ ಅಂತಿದ್ದೆ.

ಹಳೇ ಲ್ಯಾಬಿನಕ್ಕ ಹೇಳಿದ್ದು:

ಹೋರಿಗೆ ಹಾಕಿಸಿದರೆ ಕೈ ಸುಟ್ಟುಕೊಳ್ಳುತ್ತೀರಿ. ಆ ಕಡ್ಡಿಯಲ್ಲಿರುವುದು ಡೆಸ್ಲೊರೆಲಿನ್. ಮಿದುಳು ಪಿಟ್ಯುಟರಿಗೆ ಜಿಎನ್‌ಆರ್‌ಎಚ್ ಅನ್ನುವ ಹಾರ್ಮೋನನ್ನು ಬಿಟ್ಟು ಬಿಟ್ಟು ಕಳಿಸುತ್ತದೆ, ಬಾಗಿಲು ತಟ್ಟಿದ ಹಾಗೆ. ಈ ಕಡ್ಡಿ ಅದರ ಥರಾನೇ ಬಿಡದೆ ತಟ್ಟುತ್ತಲೇ ಇರುತ್ತದೆ. ಪಿಟ್ಯುಟರಿಗೆ ಸಾಕಾಗಿ ಎಲ್‌ಎಚ್ ನಿಲ್ಲಿಸುತ್ತದೆ, ನಾಯಿಯ ಟೆಸ್ಟೋಸ್ಟೆರಾನ್ ಕೆಲವು ವಾರದಲ್ಲಿ ಇಳಿಯುತ್ತದೆ. ಹೋರಿಯಲ್ಲಿ ಮಾತ್ರ ಇದೇ ಔಷಧಿಗೆ ಟೆಸ್ಟೋಸ್ಟೆರಾನ್ ಏರಿ ಕೂರುತ್ತದೆ! ಆಸ್ಟ್ರೇಲಿಯಾದವರು ಮಾಡಿ ನೋಡಿದ್ದಾರೆ. ಒಂದು ಪ್ರಾಣಿಯ ಲೆಕ್ಕ ಇನ್ನೊಂದಕ್ಕೆ ಹಾಕಲು ಹೋಗಬೇಡಿ.

ಶಿರಾದ ಅಣ್ಣಾ, ಕರಿಯನ ಬೀಜ ಸಿಕ್ಕಿದರೆ ಡಾಕ್ಟರಿಗೆ ಹೇಳಿ ಅಡ್ಡಕ್ಕೆ ಕೊಯ್ಯಿಸಿ ನೋಡಿ. ಬಣ್ಣ ಹೇಗಿದೆ ಅಂತ ನನಗೆ ಹೇಳಬೇಕು. ಚಪಲ.

ಮೇಕೆಮನೆ ಶಿರಾ ಹೇಳಿದ್ದು (ಆರು ವಾರದ ನಂತರ):

ಅಕ್ಕಾ, ಡಾಕ್ಟ್ರೇ, ತಡವಾಯಿತು, ಕ್ಷಮಿಸಿ. ಬಲಗಡೆ ತೊಡೆಸಂದಿಯಲ್ಲಿ ಕೈಗೆ ಸಿಕ್ಕಿತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆದರು, ಅರ್ಧ ಗಂಟೆಯ ಕೆಲಸ. ಸಿಪ್ಪೆ ಸುಲಿದ ಅಡಿಕೆಗಿಂತ ಸ್ವಲ್ಪ ದೊಡ್ಡದು. ಮೆತ್ತಗಿತ್ತು. ಕೊಯ್ದರೆ ಒಳಗೆ ಬೆಲ್ಲದ ಪಾಕದ ಬಣ್ಣ. ಬೇರೆ ಹೋತದ್ದು ಕುಯ್ದಾಗ ಕೆನೆ ಬಣ್ಣ ನೋಡಿದ್ದೆ, ಹಾಗಿರಲಿಲ್ಲ.

ಹಳೇ ಲ್ಯಾಬಿನಕ್ಕ ಹೇಳಿದ್ದು:

ಸರಿಯಾಗಿ ನೋಡಿದ್ದೀರಿ. ಕಾವಿಗೆ ನಾಳಗಳು ಸೊರಗಿ ಬೀಜ ಚಿಕ್ಕದಾಗಿದೆ. ಕೆನೆ ಬಣ್ಣ ಕೊಡುವುದು ವೀರ್ಯಾಣು ಕಟ್ಟುವ ಕೋಶಗಳ ರಾಶಿ, ಅದು ಹೋಗಿದೆ. ಹಾಗಾಗಿ ಉಳಿದ ಜಾಗದಲ್ಲಿ ಲೈಡಿಗ್ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ. ಒಂದು ಚೂರು ಫಾರ್ಮಲಿನ್‌ನಲ್ಲಿ ಹಾಕಿ ಇಟ್ಟಿದ್ದರೆ ನಾನೇ ಬಸ್ಸು ಹತ್ತಿ ಬರುತ್ತಿದ್ದೆ. ನಾತ ಹೇಗಿದೆ ಈಗ?

ಮೇಕೆಮನೆ ಶಿರಾ ಹೇಳಿದ್ದು:

ಚೂರನ್ನು ಆಸ್ಪತ್ರೆ ಬಾಗಿಲಲ್ಲೇ ನಾಯಿ ಎತ್ತಿಕೊಂಡು ಹೋಯಿತು ಅಕ್ಕಾ. ನಾತ ಮುಕ್ಕಾಲು ಹೋಗಿದೆ. ಹಳೆ ಕೂದಲಲ್ಲಿ ಸ್ವಲ್ಪ ಉಳಿದಿದೆ, ಮೊನ್ನೆ ಗಡ್ಡ ಕತ್ತರಿಸಿ ಸೀಗೆಕಾಯಿ ಹಾಕಿ ತೊಳೆದೆ. ಹತ್ತಲು ಮಾತ್ರ ಇನ್ನೂ ಹೋಗುತ್ತಾನೆ. ನಿನ್ನೆ ಹಿಂಗಾಲಿನ ಒದೆ ತಿಂದು ಬಂದು ಮೂಲೆಯಲ್ಲಿ ಹುಣಸೆ ಸೊಪ್ಪು ಮೇಯುತ್ತಿದ್ದ.

ತೋಟದಮನೆ ಹೇಳಿದ್ದು:

ನೋಡಿ, ಅದು ಮಾತ್ರ ಅಭ್ಯಾಸ!